ಸಿಟ್ಟಿಗೊಂದು ಬೇರೆ ಕಲ್ಲು

“ಏನ್ ತಾತ, ಗಣಪನ ಹೊಟ್ಟೆ ಇಷ್ಟೇನಾ? ಅರ್ಧ ರೇಟಿಗೆ ಕೊಡಿ,” ಎಂದೆ. ನಮ್ಮೂರ ಗುಡಿಗೆ ವಿಗ್ರಹ ಕೊಳ್ಳಲು ಶಿಲ್ಪಿಗಳ ಊರಾದ ಶಿವಾರಪಟ್ಟಣಕ್ಕೆ ಹೋಗಿದ್ದೆ. ಚೌಕಾಸಿಗಾಗಿ ಕೆಲಸವನ್ನು ಹಳಿಯುವುದು ನನ್ನ ಹಳೆಯ ಚಾಳಿ. ಗಣಪನ ಕಣ್ಣು ಬಿಡಿಸುತ್ತಿದ್ದ ಮುದುಕ ಶಿಲ್ಪಿ ತಕ್ಷಣ ಉಳಿ ಕೆಳಗಿಟ್ಟರು. ದೊಡ್ಡ ಸುತ್ತಿಗೆ ಎತ್ತಿಕೊಂಡು ಅಂಗಳಕ್ಕೆ ಹೋಗಿ, ಇನ್ನೂ ಒಡೆಯದ ಬಂಡೆಗೆ ಹತ್ತು ಏಟು ಹಾಕಿದರು. ಬೆವರು ಒರೆಸಿಕೊಂಡು ಬಂದು ತಣ್ಣಗೆ ಅಂದರು:

“ಆ ಸಿಟ್ಟಲ್ಲಿ ಉಳಿ ಹಿಡಿದಿದ್ರೆ ಗಣಪನ ಕಣ್ಣು ಹೋಗ್ತಿತ್ತು. ಈಗ ಕೇಳಪ್ಪಾ, ಒಂದ್ರೂಪಾಯಿನೂ ಬಿಡಲ್ಲ. ಬೇಕಾದ್ರೆ ತಗೋ, ಇಲ್ಲ ಹೊರಡು.”

ಕೇಳಿದಷ್ಟು ಕೊಟ್ಟು ವಿಗ್ರಹ ತಂದೆ. ಈಗ ಮಾಲೂರಿನ ನನ್ನ ತೆಂಗಿನಕಾಯಿ ಅಂಗಡಿಯಲ್ಲಿ ಯಾರಾದರೂ ಕೆಣಕಿದರೆ, ಹಿಂದಕ್ಕೆ ಹೋಗಿ ನಾಲ್ಕು ಕಾಯಿ ಸುಲಿದು ಬರುತ್ತೇನೆ. ನೀವೂ ಮಾಡಿ ನೋಡಿ. ಆದರೆ ತಣ್ಣಗಾದ ಮೇಲೂ ಬಗ್ಗಬೇಡಿ.