ನೀರುಗಂಟಿ ಮರಿಸಿದ್ದಯ್ಯ ತೂಬಿಗಿಳಿದದ್ದು

ಮಾರಗೌಡನಕೊಪ್ಪಲಿನ ಕೆರೆಯ ತೂಬನ್ನು ಏರಿಯ ಮೇಲೆ ನಿಂತು ತೆಗೆಯಲು ಬರುತ್ತಿರಲಿಲ್ಲ. ಏರಿಯಿಂದ ಹತ್ತು ಮಾರು ಒಳಗೆ, ನೀರಿನ ನಡುವೆ, ಎರಡು ಕಲ್ಲುಕಂಬಗಳಿದ್ದವು. ಅವುಗಳ ಬುಡದಲ್ಲಿ ಒಂದು ಹಾಸುಗಲ್ಲು, ಅದರಲ್ಲಿ ತೆಂಗಿನಕಾಯಿ ಹಿಡಿಸುವಷ್ಟು ಅಗಲದ ತೂತು, ತೂತಿಗೆ ಹಲಸಿನ ಮರದ ಬಿರಡೆ. ಗದ್ದೆಗೆ ನೀರು ಬೇಕಾದಾಗ ಒಬ್ಬರು ಮುಳುಗಿ ಆ ಬಿರಡೆಯನ್ನು ಕೀಳಬೇಕು. ಸಾಕಾದಾಗ ಮತ್ತೆ ಮುಳುಗಿ ಹಾಕಬೇಕು. ಕೆರೆ ತುಂಬಿದಾಗ ಅಲ್ಲಿ ಎರಡಾಳು ಆಳ.

ಮಳವಳ್ಳಿಗೆ ಮೂರು ಹರದಾರಿ ದೂರದ ಆ ಊರಿನಲ್ಲಿ ಈ ಕೆಲಸ ಕೇರಿಯ ಒಂದೇ ಮನೆಗೆ ಸೇರಿದ್ದು. ಅದಕ್ಕೆಂದೇ ಏರಿಯ ಕೆಳಗೆ ಹದಿನೈದು ಗುಂಟೆ ಇನಾಮು ಗದ್ದೆ ಬಿಟ್ಟಿದ್ದರು. ಸುಗ್ಗಿಯಲ್ಲಿ ಪ್ರತಿ ಒಕ್ಕಲೂ ಒಂದು ಹೊರೆ ಬತ್ತ ಕೊಡುತ್ತಿತ್ತು. ತೂಬಿಗೆ ಇಳಿಯದವನಿಗೆ ಗದ್ದೆಯೂ ಇಲ್ಲ, ಹೊರೆಯೂ ಇಲ್ಲ.

1938ರಿಂದ ನೀರುಗಂಟಿ ಎನಿಸಿಕೊಂಡಿದ್ದವನು ಮರಿಸಿದ್ದಯ್ಯ. ಕಾಲುವೆ ಸವರುವುದು, ಸರದಿ ತಪ್ಪದಂತೆ ಗದ್ದೆಗೆ ನೀರು ಹಾಯಿಸುವುದು, ಏರಿಯಲ್ಲಿ ಹೆಗ್ಗಣ ತೋಡಿದ ಬಿಲ ಮುಚ್ಚುವುದು, ಇದರಲ್ಲೆಲ್ಲ ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಮೊದಲ ಆರು ವರ್ಷಗಳಲ್ಲಿ ಅವನು ಒಂದು ಸಲವೂ ತೂಬಿಗೆ ಮುಳುಗಿರಲಿಲ್ಲ.

ಕಾರಣ 1936ರ ಕಾರ್ತಿಕದ ಒಂದು ಬೆಳಿಗ್ಗೆ. ಅವನ ತಂದೆ ಮಾದಯ್ಯ ಬಿರಡೆ ಹಾಕಲು ಇಳಿದಿದ್ದ. ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮಗನ ಕೈಗೆ ಕೊಟ್ಟಿದ್ದ. ಮೂರು ಸಲ ಜಗ್ಗಿದರೆ ಎಳೆಯಬೇಕು ಎಂಬುದು ಕಟ್ಟಳೆ. ಮೂರು ಸಲ ಜಗ್ಗಿದ್ದು ಗೊತ್ತಾಯಿತು. ಇಪ್ಪತ್ತೆರಡು ವರ್ಷದ ಮರಿಸಿದ್ದಯ್ಯ ಅಂಗೈ ಸುಲಿಯುವ ತನಕ ಎಳೆದ. ಹಗ್ಗ ಬರಲಿಲ್ಲ. ಜನ ಸೇರಿದರು. ಏರಿಯ ಆಚೆ ನೀರು ಹೊರಬೀಳುವ ಬಾಯಿಯನ್ನು ಮುಚ್ಚಿದರೆ ಸೆಳೆತ ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು. ಏರಿಯೊಳಗೆ ನೀರು ಹಾಯುವ ದೋಣಿ ಹಳೆಯ ಇಟ್ಟಿಗೆಯದು, ಒಡೆದರೆ ಏರಿಯೇ ಹೋದೀತು ಎಂದು ಮತ್ತೊಬ್ಬರು. ಹುಲ್ಲು, ಮಣ್ಣು ತಂದು ಬಾಯಿ ಮುಚ್ಚುವಷ್ಟರಲ್ಲಿ ಒಂದು ಗಳಿಗೆ ಕಳೆದಿತ್ತು. ಸೆಳೆತ ನಿಂತ ಮೇಲೆ ಮಾದಯ್ಯನ ಹೆಣ ತಾನಾಗಿ ಮೇಲೆ ಬಂತು. ಬಿರಡೆಗೂ ಕಲ್ಲಿಗೂ ನಡುವೆ ಸಿಕ್ಕಿದ್ದ ಬಲಗೈ ಮೊಣಕೈವರೆಗೆ ಕಪ್ಪಾಗಿತ್ತು.

ಮರುವರ್ಷ ಮಳೆ ಸಾಲದೆ ಕೆರೆ ತುಂಬಲಿಲ್ಲ. ಮರಿಸಿದ್ದಯ್ಯನಿಗೆ ಒಂದು ವರ್ಷ ಬಿಡುವು ಸಿಕ್ಕಿತು. ಆ ಬಿಡುವಿನಲ್ಲೇ ಅವನ ಮದುವೆಯಾಯಿತು. ಹೆಣ್ಣು ಚಿಕ್ಕಬೋರಮ್ಮ, ಮದ್ದೂರಿನ ಹತ್ತಿರ ವೈದ್ಯನಾಥಪುರದ ಕಡೆಯವಳು. ಶಿಂಷಾ ಹೊಳೆಯ ದಡದಲ್ಲಿ ಹುಟ್ಟಿ, ನಡೆಯುವ ಮೊದಲೇ ಈಜು ಕಲಿತವಳು.

1938ರಲ್ಲಿ ಕೆರೆ ಕೋಡಿ ಬಿತ್ತು. ಪಟೇಲ ಹುಚ್ಚೀರಯ್ಯನವರು ತೂಬು ಕೀಳುವ ದಿನ ಗೊತ್ತುಮಾಡಿದರು. ಆ ದಿನ ಬೆಳಕು ಹರಿಯುವ ಹೊತ್ತಿಗೆ ಮರಿಸಿದ್ದಯ್ಯ ಕಂಬದವರೆಗೆ ಈಜಿ ಹೋಗಿ, ಅದನ್ನು ತಬ್ಬಿಕೊಂಡ. ಮುಖವನ್ನು ನೀರಿಗೆ ಇಳಿಸಲು ಆಗಲಿಲ್ಲ. ಎರಡು ಸಲ ದಡಕ್ಕೆ ಬಂದು ಮತ್ತೆ ಹೋದ. ಜನವೆಲ್ಲ ಏರಿಯ ಆಚೆ ಕಾಲುವೆಯ ಬಳಿ ಇದ್ದರು. ಪೂಜೆಯ ಸಾಮಾನು ತಂದಿದ್ದ ಚಿಕ್ಕಬೋರಮ್ಮ ಸೀರೆಯನ್ನು ಕಚ್ಚೆ ಕಟ್ಟಿ ಇಳಿದಳು. ಸ್ವಲ್ಪ ಹೊತ್ತಿಗೆ ಏರಿಯ ಆಚೆ ನೀರಿನ ಸದ್ದು ಕೇಳಿತು. ಮರಿಸಿದ್ದಯ್ಯ ತಲೆಯ ಮೇಲೆ ನೀರು ಹೊಯ್ದುಕೊಂಡು, ಏರಿ ಹತ್ತಿ ಆಚೆಗೆ ಇಳಿದ. ಜನ ಕಾಲುವೆಯ ಹೊಸ ನೀರಿಗೆ ಹೂವು ಬಿಡುತ್ತಿದ್ದರು.

ಹೆಂಗಸು ತೂಬಿನ ಕಲ್ಲು ಮುಟ್ಟಬಾರದು ಎಂಬುದು ಆ ಊರಿನ ಕಟ್ಟು. ಹಾಗಾಗಿ ಅವನು ಒಂದು ಮಾತು ಹುಟ್ಟಿಸಿದ. ಕೆರೆ ಕಾಯುವ ದೇವತೆ ಏರಿಯಮ್ಮ ಕನಸಿನಲ್ಲಿ ಬಂದಳು, ನೀರುಗಂಟಿಯ ಮನೆಯವರ ಹೊರತು ಯಾರೂ ತೂಬು ಕೀಳುವುದನ್ನೂ ಹಾಕುವುದನ್ನೂ ನೋಡಕೂಡದು ಎಂದಳು ಎಂದ. ಮಾದಯ್ಯನ ಸಾವನ್ನು ಕಂಡಿದ್ದ ಊರು ಚರ್ಚೆಯಿಲ್ಲದೆ ಒಪ್ಪಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಇದು ಹಿಂದಿನಿಂದ ನಡೆದುಬಂದದ್ದು ಎಂದು ಮುದುಕರು ಹೊಸ ಸೊಸೆಯರಿಗೆ ಹೇಳತೊಡಗಿದ್ದರು.

ಮರಿಸಿದ್ದಯ್ಯ ಇದರಿಂದ ಬಿಡಿಸಿಕೊಳ್ಳಲು ಪ್ರಯತ್ನಿಸದೆ ಇರಲಿಲ್ಲ. ಅಣೆಕಟ್ಟೆಯ ನಾಲೆ ಬಂದ ಊರುಗಳಲ್ಲಿ ಕಬ್ಬಿಣದ ತಿರುಪು ತಿರುಗಿಸಿದರೆ ನೀರು ಬರುತ್ತಿತ್ತು. ಮುಳುಗುವ ಮಾತೇ ಇರಲಿಲ್ಲ. ಮಾರಗೌಡನಕೊಪ್ಪಲು ಎತ್ತರದಲ್ಲಿದ್ದುದರಿಂದ ನಾಲೆ ಅದನ್ನು ಬಳಸಿಕೊಂಡು ಹೋಗಿತ್ತು. 1941ರಲ್ಲಿ ಅವನು ಊರೂರಿಗೆ ನಾಲೆಯ ನೀರು ಬಿಡುವ ಸೌಡಿ ಕೆಲಸ ಕೇಳಿಕೊಂಡು ಮದ್ದೂರಿಗೆ ನಡೆದುಹೋದ. ಗುಮಾಸ್ತರು ಒಂದು ಹಾಳೆ ಮುಂದಿಟ್ಟು, ಯಾವ ಊರಿನ ಸರದಿ ಎಂದು ಓದಲು ಹೇಳಿದರು. ಅವನಿಗೆ ಓದು ಬರುತ್ತಿರಲಿಲ್ಲ. ಸಂಜೆಗೆ ಊರಿಗೆ ಮರಳಿದ. ದಾಯಾದಿ ಚಿಕ್ಕಮಾದು ಕೇರಿಯ ಬಾಯಲ್ಲೇ ಕುಳಿತಿದ್ದ.

"ನಿನ್ ಕೈಲಾಗಾಕಿಲ್ಲ ಅಂದ್ರೆ ಏಳ್ಬುಡ್ಲಾ, ನಾನಿವ್ನಿ," ಎಂದ. ಅವನು ಹೀಗೆ ಹೇಳುವುದು ಅದೇ ಮೊದಲಲ್ಲ. ಇನಾಮು ಗದ್ದೆಯ ಪಕ್ಕದ್ದೇ ಅವನ ಗದ್ದೆ.

1944ರ ಆಷಾಢದಲ್ಲಿ ಚಿಕ್ಕಬೋರಮ್ಮನ ಎಡಗಿವಿ ಕೀವಾಯಿತು. ಹದಿನೈದು ದಿನ ಬೆಳ್ಳುಳ್ಳಿ ಎಣ್ಣೆ ಬಿಟ್ಟು ನೋಡಿ, ಗುಣ ಕಾಣದೆ ಮಳವಳ್ಳಿಗೆ ಹೋದರು. ಡಾಕ್ಟರು ಕಿವಿಯ ಒಳಪೊರೆ ಹರಿದಿದೆ ಎಂದರು. ಇನ್ನು ತಲೆ ಮುಳುಗಿಸಕೂಡದು, ಮುಳುಗಿದರೆ ತಲೆ ತಿರುಗಿ ನೀರಿನಲ್ಲೇ ಉಳಿಯಬಹುದು ಎಂದು ಬಿಡಿಸಿ ಹೇಳಿ, ಹತ್ತಿ ಇಟ್ಟು ಕಳಿಸಿದರು. ಮರುದಿನವೇ ಪಟೇಲರಿಂದ ಹೇಳಿಕೆ ಬಂತು. ಯುದ್ಧದ ಕಾಲ, ಸರ್ಕಾರಕ್ಕೆ ಲೆವಿ ಬತ್ತ ಅಳೆಯಬೇಕು, ನಾಟಿ ತಡವಾಗುವಂತಿಲ್ಲ, ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ತೂಬು. ಒಂಬತ್ತು ದಿನ ಉಳಿದಿತ್ತು.

ನಿಜ ಹೇಳಿಬಿಡುವ ಯೋಚನೆ ಅವನಿಗೆ ಬಂತು. ಹೇಳಿದರೆ ಏನೇನು ಹೇಳಬೇಕು ಎಂದು ಲೆಕ್ಕ ಹಾಕಿದ. ಹೆಂಗಸು ಕಲ್ಲು ಮುಟ್ಟಿದ್ದನ್ನು ಹೇಳಬೇಕು, ದೇವರ ಹೆಸರಿನಲ್ಲಿ ಸುಳ್ಳಾಡಿದ್ದನ್ನು ಹೇಳಬೇಕು. ಗದ್ದೆ ಹೋಗುವುದರ ಜೊತೆಗೆ ಮುಂದೆ ಯಾರ ಹಸು ಸತ್ತರೂ, ಯಾರ ಪೈರು ಒಣಗಿದರೂ ಅದು ಚಿಕ್ಕಬೋರಮ್ಮನ ತಲೆಗೆ ಬರುತ್ತದೆ. ಜೊತೆಗೆ ಒಬ್ಬ ಗಂಡಾಳನ್ನು ಕರೆದುಕೊಳ್ಳೋಣವೆಂದರೆ, ಯಾರೂ ನೋಡಕೂಡದೆಂದು ಸಾರಿದವನೇ ಅವನು.

"ಚಿಕ್ಕಮಾದೂಗೆ ಬುಟ್ಕೊಟ್ಬುಡ್ತೀನಿ ಕಣಮ್ಮಿ," ಎಂದ.

"ಬುಟ್ಕೊಟ್ಟು ಏನ್ ತಿಂದಿಯೆ?" ಎಂದಳು ಚಿಕ್ಕಬೋರಮ್ಮ.

ಮರುದಿನದಿಂದ ಅವಳು ಬಟ್ಟೆ ಒಗೆಯುವ ನೆವದಲ್ಲಿ ಅವನನ್ನು ಕೆರೆಯ ಹಿಂಬದಿಯ ಆಳವಿಲ್ಲದ ನೀರಿಗೆ ಕರೆದೊಯ್ದಳು. ಎದೆಮಟ್ಟದಲ್ಲಿ ನಿಲ್ಲಿಸಿ, ತಳದ ಒಂದು ಕಲ್ಲು ತರಲು ಹೇಳಿದಳು. ಮೊದಲ ದಿನ ಅವನು ಮೂರು ಎಣಿಸುವಷ್ಟರಲ್ಲಿ ಎದ್ದುಬಿಟ್ಟ. ಎರಡನೆಯ ದಿನವೂ ಅಷ್ಟೇ. ಎಮ್ಮೆ ತೊಳೆಯಲು ಬಂದ ಚಿಕ್ಕಮಾದು ಇದನ್ನು ಕಂಡು, ನೀರುಗಂಟಿ ಹೆಂಡತಿಯ ಕೈಲಿ ಮೈ ಉಜ್ಜಿಸಿಕೊಳ್ಳುತ್ತಿದ್ದಾನೆ ಎಂದು ಕೇರಿಯಲ್ಲೆಲ್ಲ ಹೇಳಿದ. ನಾಲ್ಕನೆಯ ದಿನ ಕಲ್ಲು ಸಿಕ್ಕಿತು, ಆದರೆ ಎದ್ದವನು ದಡದಲ್ಲಿ ಕುಳಿತು ಕಕ್ಕಿದ. ಆಳ ಕುತ್ತಿಗೆ ದಾಟಿದರೆ ಮೊದಲಿನ ಹಾಗೆಯೇ ಎದ್ದುಬಿಡುತ್ತಿದ್ದ.

ಆಮೇಲೆ ಅವಳು ಕೇಳಿದಳು. "ಒಳಕ್ಕೋದ್ರೆ ಏನ್ ಕಾಣ್ತದೆ ನಿಂಗೆ?"

"ಅಪ್ಪನ ಕೈ."

ಚಿಕ್ಕಬೋರಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನಾನು ಆರು ವರ್ಸ ಓಗ್ಬಂದಿವ್ನಿ. ಅಲ್ಲಿ ಯಾರ ಕೈಯೂ ಇಲ್ಲ. ಕೆಸರದೆ, ಕಲ್ಲದೆ, ಬಿರಡೆ ಅದೆ. ನೀನು ಕಣ್ ಮುಚ್ಕೊಂಡ್ ಓಯ್ತೀಯ, ಅದ್ಕೆ ಅದು ಕಾಣಾದು. ಕಣ್ ಬುಟ್ಕೊಂಡ್ ಓಗು."

ತೂಬಿನ ಬುಡ ಹೇಗಿದೆ ಎಂದು ಆರು ವರ್ಷದಲ್ಲಿ ಅವನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಆ ದಿನ ಕೇಳಿದ. ಅವಳು ಮಣ್ಣಿನಲ್ಲಿ ಬೆರಳಿನಿಂದ ಬರೆದು ತೋರಿಸಿದಳು. ಕಂಬದ ಹಿಂದಿನಿಂದ ಇಳಿಯಬೇಕು, ಕಾಲನ್ನು ಕಂಬಕ್ಕೆ ಕೊಕ್ಕೆ ಹಾಕಬೇಕು, ಬಿರಡೆಯನ್ನು ಬಗ್ಗಿ ಎಳೆಯುವುದಲ್ಲ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸಡಿಲವಾಗುತ್ತದೆ. ಅವನು ಎರಡೆರಡು ಸಲ ಹೇಳಿಸಿಕೊಂಡ. ಭಯವೇನೂ ಇಳಿಯಲಿಲ್ಲ. ಆದರೆ ಮರುದಿನ ಕಣ್ಣು ಬಿಟ್ಟುಕೊಂಡು ಮುಳುಗಿ, ಹದಿನೈದು ಎಣಿಸುವ ತನಕ ಕುತ್ತಿಗೆಯ ಆಳದಲ್ಲಿದ್ದ. ಇಷ್ಟು ಆಗುತ್ತದೆ ಎಂದರೆ ಇನ್ನಷ್ಟೂ ಆಗಬಹುದು ಎಂದು ಅವನು ಅಂದುಕೊಂಡದ್ದು ಆಗಲೇ.

ಸೋಮವಾರ ಜನ ಏರಿಯ ಆಚೆ ಕಾಲುವೆಯಲ್ಲಿ ಕಾಯುತ್ತಿದ್ದರು. ಈಚೆ ಅವರಿಬ್ಬರೇ. ಹಗ್ಗದ ತುದಿ ಚಿಕ್ಕಬೋರಮ್ಮನ ಕೈಯಲ್ಲಿತ್ತು. ಮೊದಲ ಸಲ ಅವನು ಕಂಬದ ಅರ್ಧಕ್ಕೆ ಹೋಗಿ ಎದ್ದ. ಎರಡನೆಯ ಸಲ ಹಾಸುಗಲ್ಲು ಕಾಲಿಗೆ ತಾಗಿತು, ಹೆದರಿ ಎದ್ದ. ಆಚೆಯಿಂದ ಚಿಕ್ಕಮಾದುವಿನ ದನಿ ಕೇಳಿತು. ಒಳಗೆ ಮಲಗಿಬಿಟ್ಟನೋ ಏನೋ ಎನ್ನುತ್ತಿದ್ದ, ಯಾರೋ ನಗುತ್ತಿದ್ದರು. ಬಿಸಿಲು ಕಂಬದ ತುದಿಗೆ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಏರಿ ಹತ್ತಿ ಬರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೂರನೆಯ ಸಲ ಅವನು ಕಣ್ಣು ಬಿಟ್ಟುಕೊಂಡು ಕೈಮೇಲೆ ಕೈಯಿಟ್ಟು ಕಂಬ ಇಳಿದ. ಕೆಂಚು ನೀರಿನಲ್ಲಿ ಬಿರಡೆಯ ತಲೆ ಮಾತ್ರ ಕಾಣಿಸಿತು. ಅಲ್ಲಾಡಿಸಿದ. ಎಡಕ್ಕೆ, ಬಲಕ್ಕೆ. ಅದು ಕಿತ್ತುಕೊಂಡು ಬಂತು.

ಊರಿಗೆ ಅಲ್ಲಿಗೆ ಮುಗಿಯಿತು. ಅವನಿಗೆ ಮುಗಿದಿರಲಿಲ್ಲ. ತಂದೆ ಸತ್ತದ್ದು ಬಿರಡೆ ಕೀಳುವಾಗ ಅಲ್ಲ, ಹಾಕುವಾಗ. ನಿಂತ ನೀರಿಗೆ ಇಳಿಯುವುದು ಬೇರೆ, ಬಾಯಿ ತೆರೆದು ಸೆಳೆಯುವ ತೂತಿನ ಹತ್ತಿರ ಹೋಗುವುದು ಬೇರೆ. ಹನ್ನೆರಡು ದಿನ ಅವನು ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಗದ್ದೆಯವರು ಸಾಕು, ನಿಲ್ಲಿಸು ಎಂದಾಗ, ಮೇಲಿನ ಮಡಿ ಇನ್ನೂ ನೆನೆದಿಲ್ಲ ಎಂದು ಎರಡು ದಿನ ತಳ್ಳಿದ. ಹದಿನಾಲ್ಕನೆಯ ದಿನ ಪಟೇಲರೇ ಕರೆಸಿ, ಕೆರೆಯ ನೀರು ಹಳ್ಳಕ್ಕೆ ಹೋಗುತ್ತಿದೆ, ನಾಳೆ ಹಾಕು ಎಂದರು. "ಆಗ್ಲಿ ಬುದ್ದಿ," ಎಂದು ಬಂದ.

ಮನೆಯಲ್ಲಿ ಬಿರಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನ ಎದುರು ಚಿಕ್ಕಬೋರಮ್ಮ ಬಂದು ಕುಳಿತಳು. ಮಾದಯ್ಯ ಬಿರಡೆಯ ಪಕ್ಕವನ್ನು ಹಿಡಿದಿರಬೇಕು, ಅದು ಕೂರುವ ತನಕ ಬಿಡಬಾರದೆಂದು ಹಿಡಿದಿರಬೇಕು, ಅದಕ್ಕೇ ಕೈ ಸಿಕ್ಕಿತು ಎಂದಳು.

"ನೀನು ಬಿರಡೆ ತಲೆ ಇಡ್ಕೊ, ಪಕ್ಕ ಬ್ಯಾಡ. ತೂತಿನ್ ಅತ್ರ ತಕ್ಕೊಂಡೋಗಿ ಬುಟ್ಬುಡು. ನೀರೇ ಎಳ್ಕೋತದೆ."

"ತಪ್ಪೋದ್ರೆ?"

"ತಪ್ಪೋದ್ರೆ ಇನ್ನೊಂದು ಕೆತ್ತಾನ. ಮರ ಅದೆ, ಬಾಚಿ ಅದೆ."

"ಊರೋರು ಏನಂದಾರು?"

"ಅಂತಾರೆ. ನಿಮ್ಮಪ್ಪಂಗೂ ಅದೇ ಇತ್ತಲ್ವಾ, ಊರೋರು ಏನಂದಾರು ಅಂತ."

ಬೆಳಿಗ್ಗೆ ಅವನು ಕಂಬದ ಹಿಂದಿನಿಂದ ಇಳಿದ. ಅರ್ಧ ಆಳಕ್ಕೇ ಸೆಳೆತ ಗೊತ್ತಾಯಿತು. ಸೊಂಟದ ಬಟ್ಟೆ ತಾನಾಗಿ ಮುಂದಕ್ಕೆ ಹೋಗುತ್ತಿತ್ತು. ಒಮ್ಮೆ ಎದ್ದುಬಂದ. ಕಂಬ ತಬ್ಬಿ ಉಸಿರು ತೆಗೆದುಕೊಂಡು ಹೆಂಡತಿಯ ಕಡೆ ನೋಡಿದ. ಅವಳು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಮತ್ತೆ ಇಳಿದ. ಕಾಲನ್ನು ಕಂಬಕ್ಕೆ ಕೊಕ್ಕೆ ಹಾಕಿದ. ತೂತು ಕಾಣಲಿಲ್ಲ, ಕೆಸರು ಸುತ್ತಿಕೊಂಡು ಒಂದು ಕಡೆಗೆ ಓಡುತ್ತಿದ್ದುದು ಮಾತ್ರ ಕಂಡಿತು. ಅದರತ್ತ ಬಿರಡೆ ಚಾಚಿದ. ಒಂದು ಗೇಣು ಉಳಿದಿರುವಾಗಲೇ ಅದು ಕೈಯನ್ನು ಎಳೆಯತೊಡಗಿತು. ಬೆರಳುಗಳು ಬಿಗಿದುಕೊಂಡವು. ಬಿಗಿದುಕೊಂಡದ್ದು ಅವನಿಗೇ ಗೊತ್ತಾಯಿತು. ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಕೊನೆಯ ಬೆರಳು ಬಿಟ್ಟಾಗ ಬಿರಡೆ ಹೋಗಿ ಕಲ್ಲಿಗೆ ಬಡಿದು ಕೂತಿತು. ಕೆಸರು ಓಡುವುದನ್ನು ನಿಲ್ಲಿಸಿತು.

ಅವನು ಎದ್ದು ಕಂಬ ಹಿಡಿದ. ಉಸಿರು ತಿರುಗಿದ ಮೇಲೆ ದಡಕ್ಕೆ ಈಜಿ ಬಂದ. ಚಿಕ್ಕಬೋರಮ್ಮನಿಗೆ ಆಚೆಯ ನೀರಿನ ಸದ್ದು ನಿಂತದ್ದು ಸರಿಯಾಗಿ ಕೇಳಿಸಿರಲಿಲ್ಲ. ಏನಾಯಿತೆಂದು ಬಲಗಿವಿಯನ್ನು ತಿರುಗಿಸಿ ಕೇಳಿದಳು. "ಕೂತ್ಕೊತು ಕಣಮ್ಮಿ," ಎಂದು ಅವನು ಎರಡು ಸಲ ಹೇಳಬೇಕಾಯಿತು.

ಏರಿ ಇಳಿದು ಬರುವಾಗ ಕಾಲುವೆಯಲ್ಲಿ ಚಿಕ್ಕಮಾದು ಸಿಕ್ಕಿದ. ತೆಗೆಯುವುದಕ್ಕೂ ಹೊತ್ತು, ಹಾಕುವುದಕ್ಕೂ ಹೊತ್ತು, ಆರು ವರ್ಷ ಮೀನಿನ ಹಾಗೆ ಹೋಗಿಬರುತ್ತಿದ್ದವನಿಗೆ ಈ ವರ್ಷ ಏನು ಬಂದಿದೆ ಎಂದು ವಿಚಾರಿಸಿದ.

ತಾನು ತೂಬಿಗಿಳಿದದ್ದು ಈ ವರ್ಷವೇ ಮೊದಲು ಎಂದು ಹೇಳಬೇಕಾದರೆ ಆ ಆರು ವರ್ಷವನ್ನೂ ಹೇಳಬೇಕಿತ್ತು. ಅದನ್ನು ಹೇಳಲು ಊರಿನಲ್ಲಿ ಯಾರೂ ಇರಲಿಲ್ಲ.

"ಕಲೀತಿವ್ನಿ ಕಣ್ಲಾ," ಎಂದ ಮರಿಸಿದ್ದಯ್ಯ.

ಚಿಕ್ಕಮಾದು ನಕ್ಕು ಎಮ್ಮೆ ಹೊಡೆದುಕೊಂಡು ಹೋದ. ಹನ್ನೊಂದು ದಿನಕ್ಕೆ ಗದ್ದೆಗಳಿಗೆ ಮತ್ತೆ ನೀರು ಬಿಡಬೇಕಿತ್ತು. ಮರಿಸಿದ್ದಯ್ಯ ಮನೆಗೆ ಹೋಗಿ ಹಗ್ಗವನ್ನು ಬಿಸಿಲಿಗೆ ಹರಡಿದ.