ನೀಲಿ ದಾರದ ಗಂಟುಗಳು

ಬಸ್ಸಿನಲ್ಲಿ ನಿದ್ದೆ ಹೋದವರ ಗೊರಕೆ ಎಣಿಸುವುದು ನನ್ನ ಹವ್ಯಾಸ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರು ಎಲ್ಲಿ ಆರಂಭಿಸಿದರು, ಎಲ್ಲಿ ಮುಗಿಸಿದರು ಎಂಬುದೆಲ್ಲ ತಾರೀಖು ಸಮೇತ ನನ್ನ ದಿನಚರಿಯಲ್ಲಿದೆ. ಇದರಿಂದ ಲೋಕಕ್ಕೆ ಉಪಕಾರವಾದ ದಾಖಲೆ ಮಾತ್ರ ಇಲ್ಲ. ಆಸ್ಪತ್ರೆಯಲ್ಲಿ ನನ್ನ ಕೆಲಸವೂ ಹೆಚ್ಚುಕಡಿಮೆ ಇಂಥದ್ದೇ: ವೈದ್ಯರು ಬರೆದ ಕಾಯಿಲೆಗೆ ಸರಿಯಾದ ಸಂಕೇತ ಹಚ್ಚುವುದು. ಟಾನ್ಸಿಲ್ ಬರೀ ದೊಡ್ಡದಾಗಿದ್ದರೆ ಜೆ 35.1, ನಿದ್ದೆಯಲ್ಲಿ ಉಸಿರೂ ಕಟ್ಟುತ್ತಿದ್ದರೆ ಜೊತೆಗೆ ಜಿ 47.3. ಕಡತದಲ್ಲಿ ಬರೆಯದೇ ಇದ್ದದ್ದು ನಮ್ಮ ಪಾಲಿಗೆ ನಡೆದೇ ಇಲ್ಲ.

ಹೋದ ಮಂಗಳವಾರ ಬಂದ ಕಡತ ಉಪ್ಪುಂದದ ಆರು ವರ್ಷದ ಹುಡುಗಿಯದು. ಮರುದಿನವೇ ಶಸ್ತ್ರಚಿಕಿತ್ಸೆ. ಎರಡು ಟಾನ್ಸಿಲ್‌ಗಳೂ ಒಂದನ್ನೊಂದು ಮುಟ್ಟುವಷ್ಟು ಬೆಳೆದಿವೆ ಎಂದಿತ್ತು. ಆದರೆ 'ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ?' ಎಂಬುದರ ಮುಂದೆ 'ಇಲ್ಲ'. ಅರಿವಳಿಕೆ ಕೊಡುವವರು ಆ ಒಂದು ಪದವನ್ನು ನಂಬಿ ಮುಂದುವರಿಯುತ್ತಾರೆ; ಉಸಿರು ಕಟ್ಟುವ ಮಗುವಿಗೆ ಅದು ಅಪಾಯ. ನನಗೆ ನಂಬಿಕೆ ಬರಲಿಲ್ಲ, ವಾರ್ಡಿಗೆ ಹೋದೆ.

ಮಧ್ಯಾಹ್ನದ ಹೊತ್ತು. ಮಗು ಮಲಗಿತ್ತು, ಪಕ್ಕದಲ್ಲಿ ಅಜ್ಜಿ. ಮಗುವಿನ ಗೊರಕೆ ಥಟ್ಟನೆ ನಿಂತಿತು. ಎದೆ ಏರಿಳಿಯುತ್ತಿತ್ತು, ಗಾಳಿಯ ಸದ್ದಿಲ್ಲ. ಅಭ್ಯಾಸಬಲದಿಂದ ಎಣಿಸಿದೆ, ಹನ್ನೆರಡಕ್ಕೆ ಬಂದರೂ ಉಸಿರಿಲ್ಲ. ಅಜ್ಜಿ ಮಡಿಲಲ್ಲಿದ್ದ ನೀಲಿ ಬಲೆದಾರಕ್ಕೆ ಒಂದು ಗಂಟು ಹಾಕಿದರು. ಮಗು ಬೆಚ್ಚಿ ಉಸಿರೆಳೆಯಿತು. ದಾರದ ತುಂಬ ಅಂಥವೇ ಗಂಟುಗಳು.

"ಡಾಕ್ಟ್ರಿಗೆ ಎಂತಕ್ ಹೇಳ್ಲಿಲ್ಲ ಅಜ್ಜಿ?"

"ಉಸ್ರ್ ನಿಂತಿತ್ ಅಂದೇಳಿ ಮಗಿನ್ ಬಗ್ಗೆ ಬಾಯ್ ಬಿಟ್ ಹೇಳುಕಾತ್ತಾ ಮಾಣಿ? ಗಂಟ್ ಹಾಕಿರೆ ತಿರ್ಗಿ ಬತ್ತ್."

"ಗಂಟ್ ಹಾಕುಕ್ ಮರ್ತ್ರೆ?"

"ಅದ್ಕೇ ನಾ ನಿದ್ದಿ ಮಾಡುದಿಲ್ಲ."

ಕಂಡದ್ದನ್ನು ನಾನೇ ಬರೆಯುವಂತಿಲ್ಲ. ವೈದ್ಯರನ್ನು ಕರೆತಂದೆ. ಅಜ್ಜಿ ದಾರವನ್ನು ಅವರ ಕೈಗಿಟ್ಟರು. ಹಿಂದಿನ ದಿನದಿಂದ ನಲವತ್ತೊಂದು ಗಂಟು.

"ಇಷ್ಟ್ ಚೆಂದದ ರಿಪೋರ್ಟ್ ಮಡ್ಲಂಗ್ ಇಟ್ಕಂಡ್ ಕೂಕಂಡಿದ್ರ್ಯಾ ಅಜ್ಜಿ!" ಎಂದು ನಗಲು ಹೋದ ವೈದ್ಯರು, ಗೊರಕೆ ಮತ್ತೆ ನಿಂತಾಗ ನಗಲಿಲ್ಲ. 'ಇಲ್ಲ'ವನ್ನು ಹೊಡೆದು, ಕಂಡದ್ದನ್ನು ಬರೆದು ಸಹಿ ಹಾಕಿದರು. ಅರಿವಳಿಕೆಯ ಸಿದ್ಧತೆ ಬದಲಾಯಿತು; ಶಸ್ತ್ರಚಿಕಿತ್ಸೆ ಶುಕ್ರವಾರಕ್ಕೆ ಹೋಯಿತು. ಶನಿವಾರ ಹೋಗಿ ನೋಡಿದರೆ ಮಗು ಐಸ್‌ಕ್ರೀಮಿಗೆ ಹಟ ಹಿಡಿದಿತ್ತು. ಅಜ್ಜಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ದಾರ ನೆಲಕ್ಕೆ ಬಿದ್ದಿತ್ತು.

ಇವತ್ತು ಬಸ್ಸಿನಲ್ಲಿ ಪಕ್ಕದವರ ಗೊರಕೆ ಕುಂಭಾಶಿ ದಾಟಿದ ಮೇಲೆ ನಿಂತಿತು. ಮೊದಲಾದರೆ ಲೆಕ್ಕ ಮುಗಿಯಿತೆಂದು ದಿನಚರಿ ಮುಚ್ಚುತ್ತಿದ್ದೆ. ಇವತ್ತು ಕಾದೆ. ಬಹಳ ಹೊತ್ತಿನ ಮೇಲೆ ಅವರು ಉಸಿರೆಳೆದಾಗ ಕೆಳಗೆ ನೋಡಿದೆ. ನನ್ನ ಬೆರಳುಗಳು ಚೀಲದ ದಾರಕ್ಕೆ ಒಂದು ಗಂಟು ಹಾಕಿ ಮುಗಿಸಿದ್ದವು.