ಉಡಿ ತುಂಬುವ ಮೊದಲು

ಸೊರಬದ ಒಂದು ದೊಡ್ಡ ಮನೆ ನನ್ನ ಕೈತಪ್ಪಿ ಹೋಯಿತು. ವರ್ಷಕ್ಕೆ ಎರಡು ಕಾರ್ಯವಾದರೂ ಮಾಡುವ, ಕಾರ್ಯಕ್ಕೆ ಐನೂರಕ್ಕಿಂತ ಕಡಿಮೆ ಹೋಳಿಗೆ ಮಾಡಿಸದ ಮನೆ. ಕಾರಣ ಇಷ್ಟೇ, ಕೆಲಸಕ್ಕೆ ದುಡ್ಡು ಕೇಳಿದೆ.

ನಾನು ಶಿಕಾರಿಪುರದವಳು, ಹೋಳಿಗೆ ಮಾಡಿಕೊಡುವುದು ನನ್ನ ಕಸುಬು. ಕಣಕ ಎಷ್ಟು ನಾದಿದರೆ ಹೂರಣ ಹೊರಗೆ ಇಣುಕುವುದಿಲ್ಲ ಎಂಬುದು ನನ್ನ ಬೆರಳಿಗೆ ಗೊತ್ತು. ಆ ಬೆರಳಿಗೆ ಬೆಲೆ ಕಟ್ಟುವ ಬುದ್ಧಿ ಮಾತ್ರ ತಡವಾಗಿ ಬಂತು. ಆ ಮನೆಯಿಂದ ಮೊದಲು ಸೀಮಂತಕ್ಕೆ ಕರೆ ಬಂದಾಗ ನಮ್ಮ ಓಣಿಯ ಅಕ್ಕನೊಬ್ಬಳನ್ನು ಜೊತೆಗೆ ಕರೆದುಕೊಂಡು ಬೆಳಗಿನ ಬಸ್ಸು ಹತ್ತಿದೆ. ಗಂಡ ತೀರಿಕೊಂಡ ಹೆಂಗಸು. ಆಕೆ ರುಬ್ಬಿದ ಹೂರಣ ಬೆಣ್ಣೆಯ ಹಾಗಿರುತ್ತದೆ.

ಶಾಮಿಯಾನದವನಿಗೆ ಅಡ್ವಾನ್ಸು ಹೋಗಿತ್ತು. ಸಾರು ಪಲ್ಯದ ಅಡುಗೆಯವನಿಗೂ ಹೋಗಿತ್ತು. ನಾನು ಬಾಯಿ ತೆರೆಯಲು ಹೋದಾಗಲೆಲ್ಲ ಯಜಮಾನಿ, ನೀವು ಮನೆ ಮಗಳಿದ್ದಂಗೆ ಬಿಡ್ರೀ ಎನ್ನುತ್ತಿದ್ದರು. ಮಗಳಾದ ಮೇಲೆ ದೊಡ್ಡ ಪಾತ್ರೆಗಳನ್ನೂ ತೊಳೆದೆ. ಕೊನೆಗೆ ನನ್ನ ಸೆರಗಿಗೆ ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ಬ್ಲೌಸ್ ಪೀಸು ಹಾಕಿ ಉಡಿ ತುಂಬಿದರು. ನಮ್ಮ ಕಡೆ ಉಡಿ ತುಂಬಿಸಿಕೊಂಡ ಮೇಲೆ ಕೂಲಿಯ ಮಾತೆತ್ತಿದರೆ ನಾಚಿಕೆಗೆಟ್ಟವಳು ಎಂದೇ ಲೆಕ್ಕ. ಆ ಬ್ಲೌಸ್ ಪೀಸಾದರೂ ಎಷ್ಟು ಮನೆ ತಿರುಗಿ ಬಂದಿತ್ತೋ, ಮಡಿಕೆಯಲ್ಲಿ ಹಳೇ ಕುಂಕುಮ ಹಾಗೇ ಇತ್ತು.

ಗಂಡನಿಲ್ಲದವಳಿಗೆ ಉಡಿ ತುಂಬುವುದಿಲ್ಲ. ಹಾಗಾಗಿ ಅಕ್ಕನಿಗೆ ಉಡಿಯೂ ಇಲ್ಲ, ಕೂಲಿಯೂ ಇಲ್ಲ. ಬಸ್ಸಿನಲ್ಲಿ ನಾನು ದೊಡ್ಡ ಮನಸ್ಸು ಮಾಡಿ ಅರ್ಧ ಅಕ್ಕಿಯನ್ನು ಆಕೆಯ ಚೀಲಕ್ಕೆ ಸುರಿದೆ. ನೀನು ನನ್ನ ಒಡಹುಟ್ಟಿದ ಅಕ್ಕ ಇದ್ದಂಗೆ ಎಂದೂ ಸೇರಿಸಿದೆ.

ಆಕೆ ಕಿಟಕಿಯ ಕಡೆ ನೋಡುತ್ತಲೇ, "ಹೌದು ತಂಗಿ, ಎಲ್ಲರ ಮನೆಯವಳೂ ಆದೆ. ಸಿಲಿಂಡರ್ ಮುಗಿದ್ರೆ ಯಾರ ಮನೇಲಿ ಕೇಳ್ಬೇಕು ಅಂತ ಮಾತ್ರ ಗೊತ್ತಾಗ್ತಿಲ್ಲ" ಎಂದಳು.

ಸೊರಬದ ಯಜಮಾನಿಗೂ ನನಗೂ ಇದ್ದ ಅಂತರ ಅಲ್ಲಿಗೆ ಒಂದು ಸೇರು ಅಕ್ಕಿಯಷ್ಟಾಯಿತು.

ಕೆಲವು ತಿಂಗಳಿಗೆ ಅದೇ ಮನೆಯಿಂದ ಮೊಮ್ಮಗುವಿನ ನಾಮಕರಣಕ್ಕೆ ಫೋನು ಬಂತು. ಒಂದು ಹೋಳಿಗೆಗೆ ಇಷ್ಟು, ಅಕ್ಕನ ಕೂಲಿ ಬೇರೆ, ಅರ್ಧ ದುಡ್ಡು ಒಲೆ ಹಚ್ಚುವ ಮೊದಲು ಎಂದೆ. ನೀವೂ ರೇಟು ಹೇಳಾಕೆ ಶುರು ಮಾಡಿದ್ರೇನ್ರೀ ಎಂದು ಯಜಮಾನಿ ನೊಂದುಕೊಂಡರು. ಅವರ ಯಜಮಾನರದು ರಸಗೊಬ್ಬರದ ಅಂಗಡಿ; ಗೊಬ್ಬರದ ಚೀಲಕ್ಕೆ ನೀವು ಹೇಳಲ್ವೇನ್ರೀ ಎಂದು ಕೇಳಿದೆ. ಹೋಳಿಗೆಗೆ ಒಂದು ರೂಪಾಯಿ ಇಳಿಸಿ ಒಪ್ಪಿಕೊಂಡರು.

ಕಾರ್ಯದ ದಿನ ಆ ಮನೆಯವರು ಮೊದಲೇ ಬೇಯಿಸಿಟ್ಟಿದ್ದ ಬೇಳೆ ಬೆಲ್ಲವನ್ನು ಅಕ್ಕ ರುಬ್ಬಿ ಹೂರಣ ಮುಗಿಸಿದಳು. ಹೋಳಿಗೆಯ ಒಲೆ ಹಚ್ಚಬೇಕು, ಅಷ್ಟರಲ್ಲಿ ಯಜಮಾನಿ ಬಂದರು. ಕೈಯಲ್ಲಿ ದುಡ್ಡಲ್ಲ, ಉಡಿಯ ತಟ್ಟೆ. ಗದ್ದಲದಲ್ಲಿ ಮರೆತು ಹೋಗುತ್ತದೆ, ಮೊದಲೇ ತುಂಬಿಬಿಡುತ್ತೇನೆ ಎಂದರು. ಅವರ ಜಾಣತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಇಂಥವರು ಅಡುಗೆಮನೆಯಲ್ಲಿದ್ದಾರೆ, ಗಂಡಂದಿರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಾರೆ.

ಸೆರಗನ್ನು ಇನ್ನೂ ಬಿಗಿಯಾಗಿ ಸೊಂಟಕ್ಕೆ ಸಿಗಿಸಿಕೊಂಡೆ.

"ನನಗೆ ಉಡಿ ತುಂಬ್ತೀರಿ, ಸರಿ. ಅಕ್ಕಗೆ ಏನು ತುಂಬ್ತೀರಿ?"

ಸುತ್ತ ಕೂತಿದ್ದ ನೆಂಟರ ಹೆಂಗಸರಿಗೆಲ್ಲ ಒಮ್ಮೆಲೇ ಬದನೆಕಾಯಿ ಹೆಚ್ಚುವ ಕೆಲಸ ಜೋರಾಯಿತು. ಅಕ್ಕ ಹೂರಣದ ಉಂಡೆ ಕಟ್ಟುತ್ತಲೇ, ತಲೆಯನ್ನೂ ಎತ್ತದೆ ಹೇಳಿದಳು:

"ನಂಗೆ ಕೈಗೆ ಕೊಟ್ರೆ ಸಾಕ್ರೀ."

ಯಜಮಾನಿ ತಟ್ಟೆ ಕೆಳಗಿಟ್ಟು ಒಳಗೆ ಹೋದರು. ಬಂದಾಗ ಇಬ್ಬರ ದುಡ್ಡೂ ಇತ್ತು, ಅರ್ಧವಲ್ಲ, ಪೂರ್ತಿ. ಅಕ್ಕ ಕೈ ತೊಳೆದು, ಒರೆಸಿಕೊಂಡು, ತನ್ನದನ್ನು ತಾನೇ ಎಣಿಸಿಕೊಂಡಳು. ಆಮೇಲೆ ಒಲೆ ಹಚ್ಚಿದೆವು. ಒಂದು ಹೋಳಿಗೆಯೂ ಒಡೆಯಲಿಲ್ಲ.

ಆ ಮನೆಯವರು ಮತ್ತೆ ಕರೆದಿಲ್ಲ. ಈಗ ಅಂಗಡಿಯಿಂದ ಪ್ಯಾಕೆಟ್ ಹೋಳಿಗೆ ತರಿಸುತ್ತಾರಂತೆ. ನಮಗಿಂತ ಬೆಲೆ ಜಾಸ್ತಿ, ಫೋನಿನಲ್ಲೇ ದುಡ್ಡು ಕಟ್ಟುತ್ತಾರಂತೆ. ಅಂಗಡಿಯವನನ್ನು ಮನೆ ಮಗ ಎಂದು ಕರೆದ ಸುದ್ದಿ ಇನ್ನೂ ಬಂದಿಲ್ಲ.

ನೀವು ಹೊಲಿಯುವವರೋ, ಸೀರೆಗೆ ಕುಚ್ಚು ಕಟ್ಟುವವರೋ, ರೊಟ್ಟಿ ಬಡಿಯುವವರೋ, ರೇಟನ್ನು ಫೋನಿನಲ್ಲೇ ಹೇಳಿ. ಎದುರಿಗೆ ಮುಖ ನೋಡಿದರೆ ನಮಗೆ ದಾಕ್ಷಿಣ್ಯ ಬರುತ್ತದೆ. ಹೇಳಿದ ಮೇಲೆ ಸುಮ್ಮನಿರಿ. ಆ ಕಡೆಯವರು ಮಾತಾಡದಿದ್ದರೆ ಹೆದರಿ ನಾವೇ ಇಳಿಸಿಬಿಡುತ್ತೇವೆ, ಹಾಗೆ ಮಾಡಬೇಡಿ. ಇಳಿಸುವುದಿದ್ದರೂ ನಿಮ್ಮ ಪಾಲಿನಲ್ಲಿ ಇಳಿಸಿ. ಜೊತೆಗೆ ಬರುವವಳಿಗೆ ಎಷ್ಟು ಎಂಬುದನ್ನು ಬಸ್ಸು ಹತ್ತುವ ಮೊದಲೇ ಅವಳಿಗೆ ತಿಳಿಸಿ, ಅದನ್ನು ಅವಳ ಕೈಗೇ ಕೊಡಿಸಿ.